ಕಷ್ಟ ಕೇಳಲು ಲೈಸನ್ಸ್ ಯಾಕೆ?



ಕೆಲವು ದಿನಗಳ ಹಿಂದೆ ಒಬ್ಬ ತಾಯಿ ನಮ್ಮ ಮನೆಗೆ ಬಂದಿದ್ದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಮಂಗಳೂರಿನಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿ, ಮದುವೆಯಾಗಿ, ಈಗ ಗಂಡ ಮತ್ತು ಮಗುವಿನೊಂದಿಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೋ ನಗರದ ಸಮೀಪ ಇದ್ದಾಳೆ. ಅಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ್ದಾಳೆ. ಮಗಳ ಬಗ್ಗೆ ಆ ತಾಯಿಗೆ ಹೆಮ್ಮೆಯೂ ಇತ್ತು, ಅದಕ್ಕಿಂತ ಹೆಚ್ಚು ದೂರೂ ಇತ್ತು.

"ಟೀಚರ್, ಇಲ್ಲಿ ಐದು ವರ್ಷ ಕಾಲೇಜಿಗೆ ಹೋಗಿ ಕಲಿತದ್ದು ಅಲ್ಲಿ ಸಾಲುವುದಿಲ್ಲವಂತೆ. ಏನೋ ಲೈಸನ್ಸ್ ಬೇಕಂತೆ. ಒಂದು ಸಿಕ್ಕಿದೆ, ಇನ್ನೊಂದಕ್ಕೆ ಮೂರು ಸಾವಿರ ಗಂಟೆ ದುಡಿಯಬೇಕಂತೆ. ಕಾರು ಬಿಡಲು ಲೈಸನ್ಸ್ ಬೇಕು, ಅಂಗಡಿ ಇಡಲು ಲೈಸನ್ಸ್ ಬೇಕು, ಒಪ್ಪೋಣ. ಜನರ ಕಷ್ಟ ಕೇಳಲಿಕ್ಕೂ ಲೈಸನ್ಸಾ? ನಮ್ಮ ಉಮ್ಮ, ಅಜ್ಜಿ ಎಲ್ಲ ಲೈಸನ್ಸ್ ಇಟ್ಟುಕೊಂಡೇ ಊರವರ ಕಷ್ಟ ಕೇಳಿದ್ದಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮನಸ್ಸಿನಲ್ಲಿದ್ದ ಇನ್ನೊಂದು ನೋವನ್ನೂ ಹೇಳಿದರು. "ಫೋನ್ ಮಾಡಿದಾಗ, ಇವತ್ತು ಯಾರು ಬಂದಿದ್ದರು, ಅವರಿಗೆ ಏನು ಕಷ್ಟ ಅಂತ ಕೇಳಿದರೆ, 'ಅದನ್ನು ಹೇಳುವ ಹಾಗಿಲ್ಲ ಉಮ್ಮ' ಅಂತಾಳೆ. ಹೆತ್ತ ತಾಯಿಗೂ ಹೇಳಬಾರದಾ ಟೀಚರ್?"

ನಾನು ನಕ್ಕು ಮಾತು ತೇಲಿಸಿ ಚಹಾ ಕೊಟ್ಟು ಕಳುಹಿಸಿದೆ. ಆದರೆ ಅವರು ಹೋದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ರಾತ್ರಿ ನಾನೇ ನನ್ನ ವಿದ್ಯಾರ್ಥಿನಿಗೆ ಫೋನ್ ಮಾಡಿ ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಈ ವಿಷಯ ಬರೆಯಲು ತಾಯಿ ಮತ್ತು ಮಗಳು ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಒಪ್ಪಿಗೆ ಯಾಕೆ ಬೇಕಾಯಿತೆಂಬುದು ಮುಂದೆ ಓದಿದಾಗ ನಿಮಗೇ ತಿಳಿಯುತ್ತದೆ.

ಮೊದಲು ಈ ಲೈಸನ್ಸಿನ ವಿಚಾರ. ಅಮೆರಿಕದಲ್ಲಿ ಇದನ್ನು ಕೊಡುವುದು ಕೇಂದ್ರ ಸರಕಾರವಲ್ಲ. ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಕಾನೂನು, ಪ್ರತ್ಯೇಕ ಹೆಸರು, ಪ್ರತ್ಯೇಕ ಶರತ್ತುಗಳಿವೆ. ಟೆಕ್ಸಾಸ್‌ನಲ್ಲಿ ಲೈಸನ್ಸ್ ಪಡೆದವರು ಇಲಿನಾಯ್‌ಗೆ ಬಂದರೆ ಇಲ್ಲಿಯ ಇಲಾಖೆಗೆ ಅರ್ಜಿ ಹಾಕಬೇಕು. ಇಲಿನಾಯ್‌ನಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಎಲ್.ಎಸ್.ಡಬ್ಲ್ಯು., ಅಂದರೆ ಲೈಸನ್ಸ್ ಪಡೆದ ಸಮಾಜ ಕಾರ್ಯಕರ್ತೆ. ಎರಡನೆಯದು ಎಲ್.ಸಿ.ಎಸ್.ಡಬ್ಲ್ಯು. ಇದರಲ್ಲಿ ನಡುವೆ ಬರುವ 'ಸಿ' ಅಕ್ಷರ ಕ್ಲಿನಿಕಲ್ ಎಂಬುದಕ್ಕೆ. ಈ ಎರಡನೆಯ ಲೈಸನ್ಸ್ ಇದ್ದವರು ಮಾನಸಿಕ ಕಾಯಿಲೆಗಳನ್ನು ಗುರುತಿಸಬಹುದು, ಮಾತಿನ ಚಿಕಿತ್ಸೆ ನೀಡಬಹುದು, ಯಾರ ಮೇಲ್ವಿಚಾರಣೆಯೂ ಇಲ್ಲದೆ ಸ್ವಂತ ಕಚೇರಿ ತೆರೆಯಬಹುದು. ಆದರೆ ಔಷಧಿ ಬರೆದು ಕೊಡುವಂತಿಲ್ಲ, ಅದು ವೈದ್ಯರ ಕೆಲಸ.

ಅಲ್ಲಿಯ ಎಂ.ಎಸ್.ಡಬ್ಲ್ಯು. ಓದುವವರು ತರಗತಿಯಲ್ಲಿ ಕುಳಿತು ಕಲಿತರೆ ಸಾಲದು. ಕನಿಷ್ಠ 900 ಗಂಟೆಗಳ ಕಾಲ ಆಸ್ಪತ್ರೆ, ಶಾಲೆ, ಅನಾಥಾಲಯ, ವೃದ್ಧಾಶ್ರಮ ಮೊದಲಾದ ಕಡೆ ಅನುಭವಸ್ಥರ ಕೈಕೆಳಗೆ ಕೆಲಸ ಮಾಡಿರಬೇಕು. ನಮ್ಮ ದೇಶದಲ್ಲಿ ಓದಿದವರ ಪದವಿಯನ್ನು ಅಲ್ಲಿಯ ಸಮಾಜ ಕಾರ್ಯ ಶಿಕ್ಷಣ ಮಂಡಳಿ ಪರಿಶೀಲಿಸುತ್ತದೆ. ಯಾವ ವಿಷಯ ಕಲಿತಿರಿ, ಎಷ್ಟು ಗಂಟೆ ಕ್ಷೇತ್ರ ಕಾರ್ಯ ಮಾಡಿದಿರಿ, ಯಾರು ಮಾರ್ಗದರ್ಶನ ಮಾಡಿದರು ಎಂಬ ದಾಖಲೆಗಳನ್ನೆಲ್ಲ ನೋಡಿ, ಪದವಿ ತಮ್ಮಲ್ಲಿನದಕ್ಕೆ ಸಮವೆಂದು ಕಂಡರೆ ಹಾಗೆಂದು ಬರೆದು ಕೊಡುತ್ತದೆ. ಹೆಣ್ಣು ಮಕ್ಕಳಿಗೆ ನನ್ನದೊಂದು ಕಿವಿಮಾತು. ಕಾಲೇಜು ಮುಗಿದ ಕೂಡಲೇ ಫೀಲ್ಡ್ ವರ್ಕ್‌ನ ಡೈರಿಗಳನ್ನು ರದ್ದಿಗೆ ಹಾಕಬೇಡಿ. ನನ್ನ ವಿದ್ಯಾರ್ಥಿನಿಯ ಡೈರಿಗಳು ಅವಳ ಉಮ್ಮನ ಅಟ್ಟದಲ್ಲಿ ಅಕ್ಕಿ ಡಬ್ಬದ ಹಿಂದೆ ಸಿಕ್ಕಿದವು. ಸಿಗದಿದ್ದರೆ ಬಹಳ ಕಷ್ಟವಾಗುತ್ತಿತ್ತು.

ಮೊದಲ ಮೆಟ್ಟಿಲಿಗೆ ಇಲಿನಾಯ್‌ನಲ್ಲಿ ಮುಂಚೆ ಪರೀಕ್ಷೆ ಇತ್ತು. ಎಂ.ಎಸ್.ಡಬ್ಲ್ಯು. ಆದವರಿಗೆ 2022ರಿಂದ ಅದನ್ನು ತೆಗೆದು ಹಾಕಿದ್ದಾರೆ. ಎರಡನೆಯ ಮೆಟ್ಟಿಲು ಏರಬೇಕಾದರೆ ಪದವಿಯ ನಂತರ 3,000 ಗಂಟೆಗಳ ಕೆಲಸ ಆಗಬೇಕು, ಅದೂ ಎಲ್.ಸಿ.ಎಸ್.ಡಬ್ಲ್ಯು. ಆದವರ ಮೇಲ್ವಿಚಾರಣೆಯಲ್ಲಿ. ವಾರಕ್ಕೆ 40 ಗಂಟೆ ದುಡಿದರೆ 75 ವಾರ. ಮಗು ಇರುವವಳು ಅರ್ಧ ದಿನ ದುಡಿದರೆ ಸುಮಾರು ಮೂರು ವರ್ಷ. ಆ ಮೇಲೆ ಒಂದು ಪರೀಕ್ಷೆ.

ಈ ಪರೀಕ್ಷೆಯ ರೀತಿ ನನಗೆ ಹಿಡಿಸಿತು. ಇಂಥ ವ್ಯಾಖ್ಯೆ ಏನು, ಅಂಥ ಸಿದ್ಧಾಂತ ಯಾರದು ಎಂದು ಬಾಯಿಪಾಠ ಕೇಳುವುದು ಕಡಿಮೆ. ಹೆಚ್ಚಾಗಿ ಒಂದು ಸನ್ನಿವೇಶ ಕೊಡುತ್ತಾರೆ. ಉದಾಹರಣೆಗೆ, ಗಂಡನ ಹೊಡೆತಕ್ಕೆ ಹೆದರಿದ ಒಬ್ಬ ಹೆಂಗಸು ನಿಮ್ಮ ಮುಂದೆ ಅಳುತ್ತಿದ್ದಾಳೆ ಎಂದುಕೊಳ್ಳಿ. ಮೊತ್ತಮೊದಲು ನೀವೇನು ಮಾಡುತ್ತೀರಿ? ಗಂಡನನ್ನು ಕರೆಸುವುದೇ? ವಿಚ್ಛೇದನದ ದಾರಿ ತಿಳಿಸುವುದೇ? ಸಹನೆಯಿಂದಿರು ಎನ್ನುವುದೇ? ಅಥವಾ ಈ ರಾತ್ರಿ ಆಕೆ ಮತ್ತು ಮಕ್ಕಳು ಸುರಕ್ಷಿತವಾಗಿರುತ್ತಾರೆಯೇ ಎಂದು ವಿಚಾರಿಸುವುದೇ? ಸಹೋದರಿಯರೇ, ನಾಲ್ಕೂ ಒಳ್ಳೆಯ ಉದ್ದೇಶದ ಉತ್ತರಗಳೇ. ಆದರೆ ಮೊದಲು ಮಾಡಬೇಕಾದದ್ದು ಒಂದೇ. ನಾವಾದರೆ ಎಷ್ಟು ಜನ ನಾಲ್ಕನೆಯದನ್ನು ಮೊದಲು ಹೇಳುತ್ತಿದ್ದೆವು?

ಈ ಪರೀಕ್ಷೆಯ ಬಗ್ಗೆ ಅಲ್ಲಿಯೇ ದೊಡ್ಡ ಚರ್ಚೆಯೂ ಇದೆ. ಪರೀಕ್ಷೆ ನಡೆಸುವ ಸಂಸ್ಥೆ 2022ರಲ್ಲಿ ಫಲಿತಾಂಶಗಳನ್ನು ಬಹಿರಂಗಪಡಿಸಿದಾಗ, ಕ್ಲಿನಿಕಲ್ ಪರೀಕ್ಷೆಯನ್ನು ಮೊದಲ ಯತ್ನದಲ್ಲೇ ತೇರ್ಗಡೆಯಾದವರು ಬಿಳಿಯರಲ್ಲಿ ಶೇ. 84ರಷ್ಟಿದ್ದರೆ ಕರಿಯರಲ್ಲಿ ಶೇ. 45ರಷ್ಟು ಮಾತ್ರ ಎಂದು ತಿಳಿದುಬಂತು. ಒಂದೇ ಪದವಿ ಪಡೆದವರ ನಡುವೆ ಇಷ್ಟು ಅಂತರವಿದ್ದರೆ ದೋಷ ಪರೀಕ್ಷಾರ್ಥಿಗಳದೋ ಪರೀಕ್ಷೆಯದೋ ಎಂಬ ಪ್ರಶ್ನೆ ಎದ್ದಿತು. 2024ರಿಂದ ಇಲಿನಾಯ್‌ನಲ್ಲಿ ಈ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಅದರ ಬದಲು ಇನ್ನೂ 3,000 ಗಂಟೆ ಮೇಲ್ವಿಚಾರಣೆಯಲ್ಲಿ ದುಡಿದು ಲೈಸನ್ಸ್ ಪಡೆಯುವ ದಾರಿ ಮಾಡಿಕೊಟ್ಟಿದ್ದಾರೆ. ಹಾಗಾಗಿ, ಅಮೆರಿಕದಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ.

ಲೈಸನ್ಸ್ ಸಿಕ್ಕಿದ ಮೇಲೂ ಕಲಿಯುವುದು ಮುಗಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಅವಧಿಯಲ್ಲಿ 30 ಗಂಟೆಗಳ ತರಬೇತಿ ಪಡೆದಿರಬೇಕು. ವೃತ್ತಿಯ ನೀತಿಯ ಬಗ್ಗೆ ತರಬೇತಿ ಅದರಲ್ಲಿ ಕಡ್ಡಾಯ. ಯಾರ ಬಳಿ ಲೈಸನ್ಸ್ ಇದೆ, ಅವರ ಮೇಲೆ ಶಿಸ್ತುಕ್ರಮ ಆಗಿದೆಯೇ ಎಂಬುದನ್ನು ಯಾರು ಬೇಕಾದರೂ ಸರಕಾರದ ದಾಖಲೆಯಲ್ಲಿ ನೋಡಬಹುದು. ತಪ್ಪು ಮಾಡಿದರೆ ದೂರು ಕೊಡಬಹುದು, ಲೈಸನ್ಸ್ ರದ್ದಾಗಲೂಬಹುದು.

ಗಂಡನ ಎಚ್-1ಬಿ ವೀಸಾದ ಆಸರೆಯಲ್ಲಿ ಹೋಗುವ ಸಹೋದರಿಯರು ಇನ್ನೊಂದು ವಿಷಯ ತಿಳಿದಿರಬೇಕು. ಅವರಿಗೆ ಸಿಗುವ ಎಚ್-4 ವೀಸಾದಲ್ಲಿ ಓದಬಹುದು. ಆದರೆ ದುಡಿಯಲು ಬೇರೆಯೇ ಅನುಮತಿ ಪತ್ರ ಬೇಕು. 2015ರಲ್ಲಿ ಬಂದ ನಿಯಮದಂತೆ ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ತಲುಪಿದವರ ಪತ್ನಿಯರಿಗೆ ಮಾತ್ರ ಅದು ಸಿಗುತ್ತದೆ. ವೃತ್ತಿಯ ಲೈಸನ್ಸ್ ಇದ್ದ ಮಾತ್ರಕ್ಕೆ ಈ ಅನುಮತಿ ಸಿಗುವುದಿಲ್ಲ.

ಇಷ್ಟೆಲ್ಲ ಕಟ್ಟುಪಾಡು ಯಾಕೆ? ಈ ವೃತ್ತಿಯ ಆರಂಭ ಹೀಗಿರಲಿಲ್ಲ. ಇದೇ ಶಿಕಾಗೋದಲ್ಲಿ 1889ರಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆ ತನ್ನ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಬಡ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ಎಂಬ ಮನೆ ತೆರೆದರು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಂಡರು, ಇಂಗ್ಲಿಷ್ ಕಲಿಸಿದರು. ಅವರ ಬಳಿ ಯಾವ ಲೈಸನ್ಸೂ ಇರಲಿಲ್ಲ. ಆದರೂ 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ದೇಶಕ್ಕೂ ಈ ವೃತ್ತಿ ಬಂದದ್ದು ಹೆಚ್ಚು ಕಡಿಮೆ ಇಂಥದೇ ದಾರಿಯಲ್ಲಿ. ಮುಂಬೈಯಲ್ಲಿ ಮುಸ್ಲಿಮರು ಹೆಚ್ಚಾಗಿರುವ ನಾಗಪಾಡಾದ ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಡ್ಟ್ ಅವರ ಮುಂದಾಳತ್ವದಲ್ಲಿ 1936ರಲ್ಲಿ ಭಾರತದ ಮೊದಲ ಸಮಾಜ ಕಾರ್ಯ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದುವೇ. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಿಂದ ಈ ಶಿಕ್ಷಣ ನೀಡುತ್ತಿದೆ.

ಹಾಗಾದರೆ ಲೈಸನ್ಸ್ ಬೇಕಾದದ್ದು ಯಾರಿಗೆ? ಈ ಪ್ರಶ್ನೆಗೆ ನನ್ನ ವಿದ್ಯಾರ್ಥಿನಿ ಕೊಟ್ಟ ಉತ್ತರ ನನ್ನ ಕಣ್ಣು ತೆರೆಸಿತು. "ಟೀಚರ್, ಲೈಸನ್ಸ್ ನನಗಾಗಿ ಅಲ್ಲ. ನನ್ನ ಮುಂದೆ ಕುಳಿತು ಬಾಯಿ ತೆರೆಯುವವರಿಗಾಗಿ" ಎಂದಳು. ಮತ್ತೆ ಅದೇ ರಾಜ್ಯದ ಒಂದು ಮೊಕದ್ದಮೆಯ ಕಥೆ ಹೇಳಿದಳು. ಅಲ್ಲಿ ಈ ವೃತ್ತಿಯವರೆಲ್ಲ ಅದನ್ನು ಓದಿರುತ್ತಾರಂತೆ.

1991ರ ಜೂನ್‌ನಲ್ಲಿ, ಶಿಕಾಗೋ ಹೊರವಲಯದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಲ್ಲಿ, ಮೇರಿ ಲೂ ರೆಡ್ಮಂಡ್ ಎಂಬ ಮಹಿಳಾ ಪೊಲೀಸ್ ಅಧಿಕಾರಿ ಜಗಳದ ಕರೆ ಬಂದ ಸ್ಥಳಕ್ಕೆ ಹೋದಾಗ ಒಬ್ಬ ವ್ಯಕ್ತಿಗೆ ಗುಂಡು ಹಾರಿಸಿದರು. ಆತ ಸತ್ತುಹೋದ. ಆ ಘಟನೆಯ ನಂತರ ಆಕೆ ಕರೆನ್ ಬೇಯರ್ ಎಂಬ ಲೈಸನ್ಸ್ ಪಡೆದ ಕ್ಲಿನಿಕಲ್ ಸಮಾಜ ಕಾರ್ಯಕರ್ತೆಯ ಬಳಿ ಸುಮಾರು 50 ಬಾರಿ ಹೋಗಿ ಮನಸ್ಸಿನ ಭಾರ ಹೇಳಿಕೊಂಡರು. ಇತ್ತ ಸತ್ತವನ ಮನೆಯವರು ನ್ಯಾಯ ಕೇಳಿ ಕೋರ್ಟಿಗೆ ಹೋದರು. ಬೇಯರ್ ಬರೆದಿಟ್ಟ ಟಿಪ್ಪಣಿಗಳನ್ನು ತೋರಿಸಬೇಕೆಂದು ಅವರ ವಕೀಲರು ಕೇಳಿದರು. ನ್ಯಾಯಾಧೀಶರು ಕೊಡಿ ಎಂದರು. ಇಬ್ಬರು ಮಹಿಳೆಯರೂ ಕೊಡಲಿಲ್ಲ. ಟಿಪ್ಪಣಿಗಳು ಆ ಅಧಿಕಾರಿಗೆ ವಿರುದ್ಧವಾಗಿವೆ ಎಂದು ಭಾವಿಸಬಹುದು ಎಂದು ಜ್ಯೂರಿಗೆ ತಿಳಿಸಲಾಯಿತು. ಜ್ಯೂರಿ 5,45,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು.

ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಕೊನೆಗೆ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜೂನ್ 13ರಂದು ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ, ಮನೋವೈದ್ಯರ ಬಳಿ ಹೇಳಿದ ಮಾತಿಗೆ ಎಷ್ಟು ರಕ್ಷಣೆಯೋ ಲೈಸನ್ಸ್ ಪಡೆದ ಸಮಾಜ ಕಾರ್ಯಕರ್ತೆಯ ಬಳಿ ಚಿಕಿತ್ಸೆಯಲ್ಲಿ ಹೇಳಿದ ಮಾತಿಗೂ ಅಷ್ಟೇ ರಕ್ಷಣೆ ಇದೆ, ಫೆಡರಲ್ ಕೋರ್ಟುಗಳೂ ಅದನ್ನು ಬಲವಂತದಿಂದ ಹೊರಡಿಸುವಂತಿಲ್ಲ ಎಂದು ತೀರ್ಪು ನೀಡಿದರು. ಇದಕ್ಕೆ ಅವರು ಕೊಟ್ಟ ಒಂದು ಕಾರಣ ಗಮನಾರ್ಹ. ದುಬಾರಿ ಮನೋವೈದ್ಯರ ಬಳಿ ಹೋಗಲಾಗದ ಬಡವರು ಮತ್ತು ಸಾಧಾರಣ ಸ್ಥಿತಿಯವರು ಸಮಾಜ ಕಾರ್ಯಕರ್ತರ ಬಳಿಗೇ ಹೋಗುತ್ತಾರೆ. ಶ್ರೀಮಂತರ ಗುಟ್ಟಿಗೆ ಒಂದು ಬೆಲೆ, ಬಡವರ ಗುಟ್ಟಿಗೆ ಇನ್ನೊಂದು ಬೆಲೆ ಆಗಬಾರದಲ್ಲವೇ?

ಸತ್ತವನ ಮನೆಯವರ ದುಃಖವೂ ಸಣ್ಣದಲ್ಲ. ಅವರು ಬೇರೆ ಸಾಕ್ಷ್ಯಗಳಿಂದ ನ್ಯಾಯ ಕೇಳಬಹುದಿತ್ತು. ಆದರೆ ಒಮ್ಮೆ ಆ ಬಾಗಿಲು ಒಡೆದರೆ ಆ ಮೇಲೆ ಯಾರೂ ಬಂದು ಮನಸ್ಸು ಬಿಚ್ಚಲಾರರು.

ಈ ಗುಟ್ಟಿಗೂ ಒಂದು ಗಡಿ ಇದೆ. ಮಗುವಿನ ಮೇಲೆ ದೌರ್ಜನ್ಯವಾಗುತ್ತಿದೆ ಎಂಬ ಸಂಶಯ ಬಂದರೆ ಇಲಿನಾಯ್‌ನ ಸಮಾಜ ಕಾರ್ಯಕರ್ತೆ ಸುಮ್ಮನಿರುವಂತಿಲ್ಲ. ಕೂಡಲೇ ಮಕ್ಕಳ ರಕ್ಷಣೆಯ ಇಲಾಖೆಗೆ ತಿಳಿಸುವುದು ಕಾನೂನಿನ ಕಡ್ಡಾಯ. ಜೀವಕ್ಕೆ ಅಪಾಯ ಇರುವಾಗಲೂ ಹಾಗೆಯೇ. ಈ ಗಡಿಯನ್ನು ಮೊದಲ ದಿನವೇ, ಮಾತು ಆರಂಭಿಸುವ ಮುಂಚೆಯೇ ಎದುರಿಗಿರುವವರಿಗೆ ಹೇಳಿಬಿಡುತ್ತಾರೆ. ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಕುಟುಂಬದ ಮಾನದ ಹೆಸರಿನಲ್ಲಿ ಅಂಥದ್ದನ್ನು ಮುಚ್ಚಿಡುವುದು ಅಮಾನತು ಕಾಪಾಡಿದಂತಲ್ಲ, ಮಗುವಿಗೆ ಮಾಡುವ ದ್ರೋಹ.

ಈಗ ನನ್ನ ಮಾತಿಗೆ ಬರುತ್ತೇನೆ. ಅನೇಕ ವರ್ಷಗಳ ಹಿಂದೆ, ನಾನು ಕಲಿಸಲು ಆರಂಭಿಸಿದ ಹೊಸತರಲ್ಲಿ, ಒಬ್ಬ ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಬಳಿ ಬಂದು ತನ್ನ ಮನೆಯ ಒಂದು ಕಷ್ಟ ಹೇಳಿಕೊಂಡಳು. ಏನು ಕಷ್ಟವೆಂದು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಿ ಕೆಡಿಸಿದ್ದು ಸಾಕು. ಅವಳಿಗೆ ನೆರವಾಗಬೇಕೆಂದೇ ನಾನು ಅದನ್ನು ಇನ್ನೊಬ್ಬ ಶಿಕ್ಷಕಿಗೆ ಹೇಳಿದೆ. ಆಕೆ ಒಳ್ಳೆಯ ಉದ್ದೇಶದಿಂದಲೇ ಹುಡುಗಿಯ ಸಂಬಂಧಿಕರೊಬ್ಬರಿಗೆ ಹೇಳಿದರು. ಒಂದು ವಾರದೊಳಗೆ ಅದು ಮದುವೆ ಮನೆಯ ಮಾತಾಯಿತು. ಹುಡುಗಿ ಬರುವುದನ್ನು ನಿಲ್ಲಿಸಿದಳು. ನಾನು ಮನೆಗೆ ಹೋದಾಗ ಒಳಗಿನಿಂದ ಹೊರಗೆ ಬರಲಿಲ್ಲ. ಅವಳ ಉಮ್ಮ ನನಗೆ ಶರಬತ್ತು ಕೊಟ್ಟರು, ಒಂದು ಮಾತೂ ಆಡಲಿಲ್ಲ. ಆ ಲೋಟ ಹಿಡಿದು ಕುಳಿತದ್ದು ಇಂದಿಗೂ ಮರೆತಿಲ್ಲ. ಕ್ಷಮೆ ಕೇಳುವ ಅವಕಾಶ ಮತ್ತೆ ಸಿಗಲಿಲ್ಲ.

ಕೇಳುವ ಮನಸ್ಸು ನನಗಿತ್ತು, ಕರುಣೆಯೂ ಇತ್ತು. ಹೇಗೆ ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ತಿಳುವಳಿಕೆ ಇರಲಿಲ್ಲ. ಅವಳನ್ನು ಕೇಳದೆ ಅವಳ ಮಾತನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು ನನಗಿಲ್ಲ ಎಂದು ಹೊಳೆಯಲೇ ಇಲ್ಲ. ನನ್ನನ್ನು ಪ್ರಶ್ನಿಸುವವರೂ ಯಾರೂ ಇರಲಿಲ್ಲ. ಲೈಸನ್ಸ್ ಎಂದರೆ ಆ ಕಾಗದವಲ್ಲ ಸಹೋದರಿಯರೇ, ಆ ತಿಳುವಳಿಕೆ ಮತ್ತು ಆ ಪ್ರಶ್ನೆ.

ಇದು ನಮಗೆ ಹೊಸ ಪಾಠವೇ? ಸಲಹೆ ಕೇಳಲ್ಪಟ್ಟವನು ಅಮಾನತು ಹೊತ್ತವನು ಎಂಬುದು ಪ್ರವಾದಿ(ಸ)ರ ಬೋಧನೆ. ಅನಸ್(ರ) ಚಿಕ್ಕ ಹುಡುಗರಾಗಿದ್ದಾಗಿನ ಘಟನೆ ಹದೀಸ್‌ಗಳಲ್ಲಿ ಬರುತ್ತದೆ. ಅವರು ಮಕ್ಕಳೊಂದಿಗೆ ಆಡುತ್ತಿದ್ದಾಗ ಪ್ರವಾದಿ(ಸ)ರು ಬಂದು ಸಲಾಮ್ ಹೇಳಿ, ಒಂದು ಕೆಲಸಕ್ಕೆ ಕಳುಹಿಸಿದರು. ಮನೆಗೆ ಬರುವಾಗ ತಡವಾಯಿತು. ತಾಯಿ ಉಮ್ಮು ಸುಲೈಮ್(ರ) ಕಾರಣ ಕೇಳಿದರು. ಪ್ರವಾದಿ(ಸ)ರ ಕೆಲಸಕ್ಕೆ ಹೋಗಿದ್ದೆ ಎಂದರು ಮಗ. ಏನು ಕೆಲಸ ಎಂದು ತಾಯಿ ಕೇಳಿದಾಗ, ಅದು ಗುಟ್ಟು ಎಂದರು. ಆ ತಾಯಿ ಏನು ಮಾಡಿದರು? ಹೆತ್ತವಳಿಗೂ ಹೇಳುವುದಿಲ್ಲವೇ ಎಂದು ಸಿಟ್ಟಾಗಲಿಲ್ಲ. ಹಾಗಾದರೆ ಆ ಗುಟ್ಟನ್ನು ಯಾರಿಗೂ ಹೇಳಬೇಡ ಎಂದು ಮಗನಿಗೇ ತಾಕೀತು ಮಾಡಿದರು. ಅನಸ್(ರ) ಮುದುಕರಾದ ಮೇಲೂ ತನ್ನ ಪ್ರೀತಿಯ ಶಿಷ್ಯನಿಗೂ ಅದನ್ನು ಹೇಳಲಿಲ್ಲ.

ನಮ್ಮ ಮಕ್ಕಳಿಗೆ ಅನಸ್‌ರ(ರ) ಈ ಕಥೆಯನ್ನು ಹೇಳುತ್ತೇವೆ. ಉಮ್ಮು ಸುಲೈಮ್‌ರ(ರ) ಕಥೆಯಾಗಿ ನಾವೇ ಎಷ್ಟು ಬಾರಿ ಕೇಳಿಸಿಕೊಂಡಿದ್ದೇವೆ?

ನಮ್ಮ ದೇಶದಲ್ಲಿ ಎಲ್ಲ ಸಮಾಜ ಕಾರ್ಯಕರ್ತರಿಗೂ ಅನ್ವಯಿಸುವ ಇಂಥ ಲೈಸನ್ಸ್ ಪದ್ಧತಿ ಇಲ್ಲ. ಆದರೆ ನಮ್ಮ ಮನೆಗಳಲ್ಲಿ, ಜಮಾಅತಿನಲ್ಲಿ, ಮದ್ರಸದಲ್ಲಿ, ನೆರೆಹೊರೆಯಲ್ಲಿ ಕಷ್ಟ ಕೇಳುವವರು ನಾವೇ. ಮುಂದಿನ ಸಲ ಯಾರಾದರೂ ನಿಮ್ಮ ಬಳಿ ಬಂದು ಕುಳಿತರೆ, ಮೊದಲು ಆಕೆ ಸುರಕ್ಷಿತಳೇ ಎಂದು ವಿಚಾರಿಸಿ. ಬೇರೆಯವರ ನೆರವು ಬೇಕೆಂದು ಕಂಡರೆ, 'ಇದನ್ನು ಇಂಥವರಿಗೆ ಹೇಳಲೇ?' ಎಂದು ಆಕೆಯನ್ನೇ ಕೇಳಿ. ನಿಮ್ಮಿಂದ ಆಗದ ಸಮಸ್ಯೆಯಾದರೆ ತರಬೇತಿ ಪಡೆದವರ ದಾರಿ ತೋರಿಸಿ. ಮನೆಯ ಹೆಣ್ಣು ಮಕ್ಕಳಲ್ಲಿ ಈ ಕೆಲಸಕ್ಕೆ ಒಲವಿರುವವರಿದ್ದರೆ, 'ಇದಕ್ಕೆಲ್ಲ ಓದು ಯಾಕೆ' ಎಂದು ತಡೆಯಬೇಡಿ. ಊರಲ್ಲಾಗಲಿ ಶಿಕಾಗೋದಲ್ಲಾಗಲಿ, ನಮ್ಮ ಭಾಷೆ, ನಮ್ಮ ಮನೆಯ ರೀತಿ ತಿಳಿದ ಒಬ್ಬಳು ಇದ್ದರೆ ಎಷ್ಟೋ ಹೆಂಗಸರು ಬಾಯಿ ತೆರೆಯುತ್ತಾರೆ.

ಮೊನ್ನೆ ಆ ತಾಯಿಯನ್ನು ಮತ್ತೆ ಭೇಟಿಯಾದಾಗ ಉಮ್ಮು ಸುಲೈಮ್‌ರ(ರ) ಘಟನೆಯನ್ನು ಹೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಹೊರಡುವಾಗ ಮೆಟ್ಟಿಲ ಬಳಿ ನಿಂತು, "ಟೀಚರ್, ಇನ್ನು ಫೋನ್ ಮಾಡಿದರೆ ಊಟ ಆಯಿತಾ, ನಿದ್ದೆ ಆಯಿತಾ ಅಂತ ಮಾತ್ರ ಕೇಳುತ್ತೇನೆ" ಎಂದರು.

ಅಲ್ಲಾಹನು ನಮ್ಮ ಕಿವಿಗಳಿಗೂ ನಾಲಗೆಗಳಿಗೂ ಅಮಾನತಿನ ಭಾರ ಹೊರುವ ಶಕ್ತಿ ಕೊಡಲಿ. ಆಮೀನ್.